ಶಿವರಾತ್ರಿಗೆ ಮುಂಚೆ ಬೀಜ ಹಾಕೋಣ

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿ ಹೋಗುತ್ತೆ. ಇದು ನಮ್ಮ ಹಿರಿಯರ ಮಾತು. ಬೆಂಗಳೂರಿಗೆ ಈ ಮಾತು ಚೆನ್ನಾಗಿ ಒಪ್ಪುತ್ತೆ. ಸಂಕ್ರಾಂತಿ ಹೊತ್ತಿಗೆ ಬೆಳಗಿನ ಜಾವ ಮೈ ನಡುಗುತ್ತೆ. ಫೆಬ್ರವರಿ ಮುಗಿಯುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತೆ. ಜಯನಗರದ ಬೀದಿಗಳಲ್ಲಿ ಹೊಂಗೆ ಮರ ಎಲೆ ಉದುರಿಸಿ ಹೊಸ ಚಿಗುರು ಬಿಡುತ್ತೆ. ಈ ನಡುವೆ ಸಿಗುವ ಐದಾರು ವಾರ ಬೀಜ ಹಾಕಲು ಒಳ್ಳೆಯ ಕಾಲ.

ಯಾಕೆ ಗೊತ್ತೆ? ಏಪ್ರಿಲ್ ಬಿಸಿಲು ಬರುವ ಮುಂಚೆ ಗಿಡ ಬೇರು ಬಿಡಬೇಕು. ಬೇರು ಆಳಕ್ಕೆ ಇಳಿದ ಗಿಡ ಬಿಸಿಲನ್ನು ತಡೆಯುತ್ತೆ. ಎಳೆ ಸಸಿ ಬಾಡಿ ಹೋಗುತ್ತೆ. ಕೆನಡಾದಂಥ ಚಳಿ ದೇಶದಲ್ಲಿ ಇದು ತಿರುಗುಮುರುಗು. ಅಲ್ಲಿ ಫೆಬ್ರವರಿಯಲ್ಲಿ ನೆಲ ಹೆಪ್ಪುಗಟ್ಟಿ ಕಲ್ಲಾಗಿರುತ್ತೆ. ಜನ ಮನೆಯೊಳಗೆ ಕಿಟಕಿ ಹತ್ತಿರ ಟೊಮೇಟೊ ಸಸಿ ಮಾಡುತ್ತಾರೆ. ಹಿಮ ನಿಂತ ಮೇಲೆ ಅದನ್ನು ಹೊರಗೆ ನೆಡುತ್ತಾರೆ. ಅವರು ಚಳಿ ಹೋಗಲಿ ಅಂತ ಕಾಯುತ್ತಾರೆ. ನಾವು ಚಳಿ ಹೋಗುವ ಮುಂಚೆಯೇ ಕೆಲಸ ಮುಗಿಸಬೇಕು.

ನಮಗೆ ಹಿತ್ತಲೆಲ್ಲಿದೆ ಅಂತ ನೀವು ಕೇಳಬಹುದು. ನಿಜ. ಬನಶಂಕರಿ, ಬಿ.ಟಿ.ಎಂ. ಲೇಔಟಿನ ವಠಾರಗಳಲ್ಲಿ ಬಟ್ಟೆ ಒಣಗಿಸಲೂ ಜಾಗ ಸಾಲದು. ಆದರೆ ಸೊಪ್ಪಿಗೆ ಹಿತ್ತಲು ಬೇಕಿಲ್ಲ. ಒಡೆದ ಬಕೆಟ್ಟು, ಹಳೇ ಟಬ್ಬು, ಸಿಮೆಂಟ್ ಚೀಲ ಸಾಕು. ತಳದಲ್ಲಿ ನಾಲ್ಕು ತೂತು ಇರಬೇಕು. ದಿನಕ್ಕೆ ನಾಲ್ಕು ಗಂಟೆ ಬಿಸಿಲು ಬೀಳಬೇಕು. ಬೆಂಡೆ, ಟೊಮೇಟೊಗೆ ಆರು ಗಂಟೆ ಬೇಕು. ಹುಳದ ಔಷಧಿ ತುಂಬಿದ್ದ ಡಬ್ಬ ಮಾತ್ರ ಬೇಡವೇ ಬೇಡ. ತಾರಸಿ ಮೇಲೆ ಇಡುವುದಾದರೆ ಮನೆ ಮಾಲೀಕರನ್ನು ಮೊದಲೇ ಕೇಳಿ. ಕುಂಡದ ಕೆಳಗೆ ಎರಡು ಇಟ್ಟಿಗೆ ಇಡಿ. ಆಗ ತಾರಸಿಯಲ್ಲಿ ತೇವ ನಿಲ್ಲುವುದಿಲ್ಲ.

ಕೆಂಪು ಮಣ್ಣು ಒಂದು ಪಾಲು, ಹಳೇ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಮರಳು ಅಥವಾ ತೆಂಗಿನ ನಾರಿನ ಪುಡಿ ಒಂದು ಪಾಲು. ಮೂರನ್ನೂ ಕಲಸಿ ತುಂಬಿ. ಅಡಿಗೆ ಮನೆಯ ಸಿಪ್ಪೆಯನ್ನು ನೇರವಾಗಿ ಗಿಡದ ಬುಡಕ್ಕೆ ಹಾಕಬೇಡಿ. ಅದು ಕೊಳೆತು ನೊಣ ಬರುತ್ತೆ. ಬೇರೆ ಬಕೆಟ್ಟಿನಲ್ಲಿ ಒಣ ಎಲೆ ಜೊತೆಗೆ ಎರಡು ಮೂರು ತಿಂಗಳು ಬಿಡಿ. ಕಪ್ಪಗೆ ಪುಡಿಯಾಗಿ ಮಣ್ಣಿನ ವಾಸನೆ ಬಂದರೆ ಗೊಬ್ಬರ ಆಯಿತು.

ಇನ್ನು ಬೀಜ. ಮೆಂತ್ಯ, ಕೊತ್ತಂಬರಿ ಅಡಿಗೆ ಡಬ್ಬದಲ್ಲೇ ಇದೆ. ಕೊತ್ತಂಬರಿ ಕಾಳನ್ನು ಲಟ್ಟಣಿಗೆಯಿಂದ ಮೆಲ್ಲಗೆ ಉರುಳಿಸಿ ಎರಡು ಹೋಳು ಮಾಡಿ ಹಾಕಿ. ಕೊತ್ತಂಬರಿ ಸೆಕೆ ತಡೆಯುವುದಿಲ್ಲ, ಬೇಗ ಹೂ ಬಿಟ್ಟುಬಿಡುತ್ತೆ. ಅದಕ್ಕೇ ಅದನ್ನು ಎಲ್ಲಕ್ಕಿಂತ ಮೊದಲು ಹಾಕಬೇಕು. ಹರಿವೆ ಮತ್ತು ಬೆಂಡೆ ಬೀಜ ಕೊಳ್ಳಬೇಕಾಗುತ್ತೆ. ಲಾಲ್‌ಬಾಗಿನ ಪಕ್ಕ ಸಿದ್ದಾಪುರದಲ್ಲಿ ಬಹಳ ನರ್ಸರಿಗಳಿವೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ‘ಅರ್ಕಾ ಸುಗುಣ’ ಎಂಬ ಹರಿವೆ ತಳಿ ಮಾಡಿದ್ದಾರೆ. ಬಿತ್ತಿದ ಒಂದು ತಿಂಗಳೊಳಗೆ ಕೊಯ್ಲಿಗೆ ಬರುತ್ತೆ. ಕಿತ್ತು ಹಾಕದೆ ಮೇಲೆ ಮೇಲೆ ಕೊಯ್ದರೆ ಮತ್ತೆ ಚಿಗುರುತ್ತೆ. ಸಣ್ಣ ಜಾಗಕ್ಕೆ ಇಂಥದ್ದೇ ಸರಿ.

ಅಕ್ಕ ತಂಗಿಯರೇ, ಬೀಜದ ಪೊಟ್ಟಣ ಕೊಂಡರೆ ಅದನ್ನು ಓದಿ. ಮೊದಲು ಅಂಗಡಿಯವರು ಹೇಳಿದ್ದನ್ನೇ ನಂಬಬೇಕಿತ್ತು. ಈಗ ನಾವೇ ನೋಡಬಹುದು. ಅದರ ಮೇಲೆ ಬೆಳೆಯ ಹೆಸರು, ತಳಿಯ ಹೆಸರು ಇರುತ್ತೆ. ನೂರಕ್ಕೆ ಎಷ್ಟು ಬೀಜ ಮೊಳೆಯುತ್ತೆ ಅಂತ ಇರುತ್ತೆ. ಪರೀಕ್ಷೆ ಮಾಡಿದ ದಿನ ಇರುತ್ತೆ. ಯಾವ ದಿನದವರೆಗೆ ಬಿತ್ತಬಹುದು ಎಂಬುದೂ ಇರುತ್ತೆ. ಎಷ್ಟೋ ಪೊಟ್ಟಣಗಳಲ್ಲಿ ಇದೆಲ್ಲ ಇಂಗ್ಲಿಷಿನಲ್ಲೇ ಇರುತ್ತೆ. ಕನ್ನಡ ನಾಡಿನಲ್ಲಿ ಮಾರುವ ಬೀಜಕ್ಕೆ ಕನ್ನಡ ಯಾಕಿಲ್ಲವೋ! ಆದರೂ ಅಂಕಿ ಓದಬಹುದಲ್ಲ. 06/2025 ಅಂತ ಇದ್ದರೆ 2025ನೇ ಇಸವಿಯ ಜೂನ್ ತಿಂಗಳು. ಎರಡು ತಾರೀಖು ಇದ್ದರೆ ಹಿಂದಿನದು ಪರೀಕ್ಷೆಯದು, ಮುಂದಿನದು ಕೊನೆಯ ದಿನ. ಆ ದಿನ ದಾಟಿದ್ದರೆ ಬೇರೆ ಪೊಟ್ಟಣ ಕೇಳಿ. ಬೀಜ ಗುಲಾಬಿಯೋ ಹಸಿರೋ ಬಣ್ಣದ್ದಾಗಿದ್ದರೆ ಅದಕ್ಕೆ ಔಷಧಿ ಸವರಿರಬಹುದು. ಮಕ್ಕಳ ಕೈಗೆ ಸಿಗದಂತೆ ಇಡಿ. ಬಿತ್ತಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ನೀರಿನ ಮಾತು ದೊಡ್ಡದು. ನಮ್ಮ ನಲ್ಲಿಗೆ ಬರುವ ಕಾವೇರಿ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ತರುತ್ತಾರೆ. 2024ರ ಬೇಸಿಗೆಯಲ್ಲಿ ಊರಿನ ಎಷ್ಟೋ ಬೋರ್‌ವೆಲ್ ಬತ್ತಿದವು. ಆ ಮಾರ್ಚಿಯಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು ಅಂತ ಆದೇಶ ಮಾಡಿತು. ಹಾಕಿದರೆ 5000 ರೂಪಾಯಿ ದಂಡ! ನೀರಿಗಾಗಿ ಕೊಡ ಹಿಡಿದು ನಿಂತವರಿಗೆ ಆ ಆದೇಶ ತಪ್ಪು ಅನ್ನಿಸಲಾರದು.

ಹಾಗಾದರೆ ಗಿಡಕ್ಕೆ ಏನು ಹಾಕುವುದು? ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು. ದಿನಾ ಚರಂಡಿಗೆ ಹೋಗುವ ಈ ನೀರು ಮೂರು ನಾಲ್ಕು ಕುಂಡಕ್ಕೆ ಸಾಕು. ಉಪ್ಪು ಹಾಕಿ ಬೇಯಿಸಿದ ನೀರು, ಸೋಪಿನ ನೀರು ಬೇಡ. ಬೆರಳನ್ನು ಮಣ್ಣಿಗೆ ಒಂದು ಗೆಣ್ಣು ಇಳಿಸಿ ನೋಡಿ. ತಣ್ಣಗೆ ತೇವ ಇದ್ದರೆ ಆ ದಿನ ನೀರು ಬೇಡ. ಹೊಂಗೆ ಮರದ ಉದುರೆಲೆ ಗುಡಿಸಿ ತಂದು ಬುಡಕ್ಕೆ ಹೊದಿಸಿ. ನೀರು ಬೇಗ ಆರುವುದಿಲ್ಲ. ಮಾರ್ಚಿ ಕೊನೆಯಿಂದ ಮಧ್ಯಾಹ್ನ ಹಳೇ ನೂಲಿನ ಸೀರೆಯನ್ನು ನೆರಳಿಗೆ ಕಟ್ಟಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಡೆಂಗಿ ಸೊಳ್ಳೆ ಇಂಥ ನಿಂತ ನೀರಲ್ಲೇ ಮೊಟ್ಟೆ ಇಡುತ್ತೆ.

ಬೇಸಿಗೆಯಲ್ಲಿ ಸೊಪ್ಪಿನ ಬೆಲೆ ಏರಿದಾಗ ಮನೆಯಲ್ಲಿ ಮೊದಲು ಬಿಡುವುದು ನಾವು ಹೆಂಗಸರೇ. ಗಂಡಸರಿಗೆ, ಮಕ್ಕಳಿಗೆ ಬಡಿಸಿ ಉಳಿದರೆ ನಮಗೆ. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ರಕ್ತಹೀನತೆ ಇದೆ. 2019–21ರ ಸರ್ಕಾರಿ ಸಮೀಕ್ಷೆ ಹೀಗೆ ಹೇಳಿದೆ. ಹರಿವೆ, ಮೆಂತ್ಯ, ನುಗ್ಗೆ ಸೊಪ್ಪಿನಲ್ಲಿ ಕಬ್ಬಿಣದ ಅಂಶ ಇದೆ. ಪಲ್ಯಕ್ಕೆ ನಿಂಬೆ ರಸ ಹಿಂಡಿ ತಿಂದರೆ ಅದು ಮೈಗೆ ಹೆಚ್ಚು ಹತ್ತುತ್ತೆ. ಊಟದ ಜೊತೆಗೇ ಟೀ ಕುಡಿದರೆ ಕಡಿಮೆ ಹತ್ತುತ್ತೆ. ಆಸ್ಪತ್ರೆಯವರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಮಾತ್ರ ಸೊಪ್ಪು ತಿಂದೆವು ಅಂತ ನಿಲ್ಲಿಸಬಾರದು.

ಒಂದೆರಡು ಹರಿವೆ ಗಿಡವನ್ನು ಕೊಯ್ಯದೆ ಹಾಗೇ ಬಿಡಿ. ತೆನೆ ಬಂದು ಒಣಗಿದ ಮೇಲೆ ಮೊರದಲ್ಲಿ ಉಜ್ಜಿ ಕೇರಿ. ಸಾಸಿವೆಗಿಂತ ಸಣ್ಣ ಬೀಜ ಸಿಗುತ್ತೆ. ಎರಡು ದಿನ ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಪೊಟ್ಟಣ ಕಟ್ಟಿ. ಮೇಲೆ ಸೊಪ್ಪಿನ ಹೆಸರು, ತಿಂಗಳು, ಇಸವಿ ಬರೆಯಿರಿ. ಪಕ್ಕದ ಮನೆಯವರಿಗೆ ಕೊಡುವಾಗ ಅವರಿಗೂ ಓದಲು ಬರುವಂತೆ ದೊಡ್ಡದಾಗಿ ಬರೆಯಿರಿ.