ಮೊಮ್ಮಗಳ ಮೌನ ಮತ್ತು ಹತ್ತು ರೂಪಾಯಿಯ ಚೀಟಿ

ಕಳೆದ ದಸರಾ ರಜೆಗೆ ಊರಿಗೆ ಬಂದ ಮೊಮ್ಮಗಳು ಹಿತ್ತಲಿನ ಪೇರಲೆ ಮರದ ಕಡೆ ತಿರುಗಿಯೂ ನೋಡಲಿಲ್ಲ. ಬಸ್ಸಿಳಿದವಳೇ ಚೀಲ ಜಗಲಿಗೆ ಎಸೆದು ಮರ ಹತ್ತುತ್ತಿದ್ದ ಹುಡುಗಿ, ಈ ಸಲ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಅವಳಿಗೆ ಇಷ್ಟವೆಂದು ಮಾಡಿದ ಕಡುಬನ್ನು ಒಂದು ತುಂಡು ಮುರಿದು ತಟ್ಟೆ ಸರಿಸಿದಳು. "ಓದಿ ಓದಿ ದಣಿದಿದೆ ಮಗು" ಎಂದೆ ನಾನು. ಅವಳ ಅಜ್ಜಿ ಉಪ್ಪು-ಮೆಣಸು ತಂದು ದೃಷ್ಟಿ ತೆಗೆದಳು.

ಮೂರನೆಯ ರಾತ್ರಿ ಎಚ್ಚರವಾಗಿ ಹೊರಗೆ ಬಂದರೆ ಜಗಲಿಯ ಮೇಲೆ ಒಬ್ಬಳೇ ಕೂತಿದ್ದಳು. ಪಕ್ಕದಲ್ಲಿ ಕೂತೆ. ತುಂಬ ಹೊತ್ತಿನ ಮೇಲೆ ಬಾಯಿಬಿಟ್ಟಳು. "ತಾತ, ಪುಸ್ತಕ ತೆಗೆದರೆ ಅಕ್ಷರ ಕಾಣುತ್ತೆ, ತಲೆಗೆ ಹೋಗಲ್ಲ. ಎರಡು ತಿಂಗಳಿಂದ ನಿದ್ದೆ ಸರಿಯಾಗಿಲ್ಲ. ಬೆಳಗಾದರೆ ಯಾಕಾದರೂ ಬೆಳಗಾಯಿತೋ ಅನ್ನಿಸುತ್ತೆ."

ನಾನು ಮೂವತ್ತನಾಲ್ಕು ವರ್ಷ ಮೇಷ್ಟರಾಗಿದ್ದವನು. "ಮನಸ್ಸು ಗಟ್ಟಿ ಮಾಡಿಕೋ, ಸೋಮಾರಿತನ ಬಿಡು" ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಹಿಂದೊಮ್ಮೆ ಹೀಗೇ ಸಪ್ಪಗೆ ಕೂರುತ್ತಿದ್ದ ಹುಡುಗನೊಬ್ಬನಿಗೆ ತರಗತಿಯ ಎದುರೇ ಆ ಮಾತು ಹೇಳಿದ್ದೆ. ಮರುವಾರದಿಂದ ಅವನು ಶಾಲೆಗೆ ಬರಲಿಲ್ಲ. ಅವನಿಗೆ ಏನಾಗಿತ್ತೆಂದು ನಾನು ಕೇಳಲೇ ಇಲ್ಲ. ಆ ರಾತ್ರಿ ಅವನ ಮುಖ ನೆನಪಾಯಿತು. ಮಾತು ನುಂಗಿಕೊಂಡೆ.

ಅವಳು ಸುಮ್ಮನೆ ಕೂತಿರಲಿಲ್ಲ. ಪಿಯುಸಿ ಓದುತ್ತಿರುವ ಊರಿನಲ್ಲಿ ಆಪ್ತಸಮಾಲೋಚಕರೊಬ್ಬರನ್ನು ವಿಚಾರಿಸಿದ್ದಳಂತೆ. ಒಂದು ಗಂಟೆಗೆ 1,200 ರೂಪಾಯಿ, ಐದಾರು ಸಲವಾದರೂ ಬರಬೇಕು ಎಂದರಂತೆ. ಅವಳ ತಿಂಗಳ ಕೈಖರ್ಚಿಗೆ ಕೊಡುವುದೇ 1,500. "ಹಾಸ್ಟೆಲ್ ಫೀಸಿಗೇ ಅಪ್ಪ ಸಾಲ ಮಾಡಿದ್ದಾರೆ. ಹೇಗೆ ಕೇಳಲಿ?" ಎಂದಳು. ದುಡ್ಡಿಲ್ಲವೆಂದು ಮಗು ನೋವನ್ನೇ ಬಚ್ಚಿಟ್ಟುಕೊಂಡಿತ್ತು.

ಬೆಳಿಗ್ಗೆ ನಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿದೆ. "ಮೇಷ್ಟ್ರೇ, 14416ಕ್ಕೆ ಫೋನ್ ಮಾಡಿಸಿ, ದುಡ್ಡು ಬೇಡ" ಎಂದಳು. ಅದು 'ಟೆಲಿ ಮಾನಸ್'. 2022ರ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನದಂದು ಕೇಂದ್ರ ಸರ್ಕಾರ ಆರಂಭಿಸಿದ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮಾರ್ಗದರ್ಶಿ ಸಂಸ್ಥೆ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ. ಬೇಕೆನಿಸಿದರೆ ತಜ್ಞರಿಗೆ ಅಥವಾ ಹತ್ತಿರದ ಆಸ್ಪತ್ರೆಗೆ ದಾರಿ ತೋರಿಸುತ್ತಾರೆ.

ಮೊಮ್ಮಗಳು ಫೋನ್ ಹಿಡಿದು ಹಿತ್ತಲಿಗೆ ಹೋದಳು. ನಾನು ಹಿಂದೆ ಹೋಗಲಿಲ್ಲ. ಅರ್ಧ ಗಂಟೆಯ ಮೇಲೆ ಕಣ್ಣು ಒರೆಸಿಕೊಂಡು ಬಂದವಳು, "ಜಿಲ್ಲಾಸ್ಪತ್ರೆಗೆ ಒಮ್ಮೆ ಹೋಗಿ ಅಂದರು. ತಾತ, ನೀನೂ ಬಾ" ಎಂದಳು.

ಹತ್ತು ರೂಪಾಯಿಯ ಚೀಟಿ ಮಾಡಿಸಿ ಬೆಂಚಿನ ಮೇಲೆ ಕಾದೆವು. ಪರಿಚಯದವರು ಯಾರಾದರೂ ಕಂಡಾರೆಂದು ನಾನು ಟವೆಲ್ಲಿನಲ್ಲಿ ಮುಖ ಮರೆಮಾಡಿಕೊಂಡಿದ್ದೆ. ಪಕ್ಕದಲ್ಲಿ ಒಬ್ಬ ರೈತ, ಕೂಸು ಎತ್ತಿಕೊಂಡ ಒಬ್ಬ ತಾಯಿ, ಕಾಲೇಜು ಚೀಲದ ಇಬ್ಬರು ಹುಡುಗರು. ಎಲ್ಲರೂ ನಮ್ಮಂಥವರೇ. ಟವೆಲ್ ಹೆಗಲಿಗೆ ಹಾಕಿಕೊಂಡೆ.

ವೈದ್ಯರು ನಿದ್ದೆ, ಊಟ, ಓದು ಎಲ್ಲವನ್ನೂ ಕೇಳಿದರು; ರಕ್ತಪರೀಕ್ಷೆಗೂ ಬರೆದುಕೊಟ್ಟರು. ಆಮೇಲೆ ಅಲ್ಲಿನ ಆಪ್ತಸಮಾಲೋಚಕಿಯ ಬಳಿ ಕಳಿಸಿದರು. "ಒಳಗೆ ಏನು ಹೇಳಿದರು?" ಎಂದು ದಾರಿಯಲ್ಲಿ ಕೇಳಿದೆ. "ಅವರು ಹೇಳಿದ್ದು ಕಡಿಮೆ ತಾತ, ಕೇಳಿದ್ದೇ ಜಾಸ್ತಿ" ಎಂದು ನಕ್ಕಳು. ಎಷ್ಟು ದಿನದ ಮೇಲಿನ ನಗು! ಮಲಗುವ, ಏಳುವ ಹೊತ್ತನ್ನು ಬರೆದಿಡುವುದು, ಪಾಠವನ್ನು ಸಣ್ಣ ತುಂಡು ಮಾಡಿ ಓದುವುದು, ದಿನಕ್ಕೊಮ್ಮೆ ನಡೆಯುವುದು, ಒಬ್ಬರ ಹತ್ತಿರವಾದರೂ ಮನಸ್ಸು ಬಿಚ್ಚಿ ಮಾತಾಡುವುದು: ಇಷ್ಟರಿಂದ ಶುರು. ಒಟ್ಟು ಆರು ಸಲ ಹೋದಳು. ಬಸ್ ಚಾರ್ಜೇ ದೊಡ್ಡ ಖರ್ಚು.

ಇಂಥ ಸೌಲಭ್ಯಕ್ಕೆ ಹಿನ್ನೆಲೆಯೂ ನಮ್ಮ ನಾಡಿನಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಗಳ ಹತ್ತಿರಕ್ಕೇ ಮಾನಸಿಕ ಚಿಕಿತ್ಸೆ ಒಯ್ದು ನೋಡಿದರು. ಆ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಕರ್ನಾಟಕದಲ್ಲಿ 'ಮನೋಚೈತನ್ಯ' ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರದಂದು ಮನೋವೈದ್ಯರು ಬರುತ್ತಾರೆ. ನಿಮ್ಮೂರಿಗೆ ಯಾವ ವಾರ ಎಂದು ಮೊದಲೇ ವಿಚಾರಿಸಿಕೊಳ್ಳಿ. 10ರಿಂದ 19 ವರ್ಷದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್' ಇವೆ. ಕೈಗೆಟಕುವ ಖರ್ಚಿನಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು 2017ರ ಕಾಯ್ದೆ ಕೊಟ್ಟ ಹಕ್ಕು. ಹೇಳಿದ್ದನ್ನು ಗುಟ್ಟಾಗಿಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಜೀವಕ್ಕೆ ಅಪಾಯವಿದ್ದಾಗ ಮನೆಯವರಿಗೆ ತಿಳಿಸಬೇಕಾಗಬಹುದು.

ಮಕ್ಕಳೇ, ಜ್ವರ ಬಂದರೆ ಅಮ್ಮನಿಗೆ ಹೇಳುತ್ತೀರಲ್ಲ, ಮನಸ್ಸು ಎರಡು ವಾರಕ್ಕೂ ಮೀರಿ ಬಾಡಿದ್ದರೆ ಅದನ್ನೂ ಹಾಗೇ ಹೇಳಿ. ಮನೆಯಲ್ಲಿ ಹೇಳಲಾಗದಿದ್ದರೆ ಟೀಚರಿಗೆ ಹೇಳಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಬದುಕೇ ಬೇಡ ಅನ್ನಿಸಿದರಂತೂ ಒಂದು ಕ್ಷಣವೂ ಒಬ್ಬರೇ ಇರಬೇಡಿ. ಹತ್ತಿರದ ದೊಡ್ಡವರ ಕೈ ಹಿಡಿದುಕೊಳ್ಳಿ, ಆಗಲೇ ಫೋನ್ ಮಾಡಿ.

ಅಜ್ಜ-ಅಜ್ಜಿಯರಿಗೆ ನನ್ನದೊಂದು ಮಾತು. "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಎನ್ನಬೇಡಿ. ಇತ್ತು, ಹೇಳಿಕೊಳ್ಳಲು ಜಾಗ ಇರಲಿಲ್ಲ. ಮಗು ಮಾತಾಡುವಾಗ ಬುದ್ಧಿ ಹೇಳುವುದನ್ನು ಸ್ವಲ್ಪ ಮುಂದೂಡಿ. ನಮಗೆ ಪುರುಸೊತ್ತು ಇದೆಯಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ ಜೊತೆಗೆ ಕೂರೋಣ.

ಪರೀಕ್ಷೆಯಲ್ಲಿ ಮೊಮ್ಮಗಳಿಗೆ ಬಂದದ್ದು ದೊಡ್ಡ ಅಂಕವೇನಲ್ಲ, ಪಾಸಾದಳು. ಈಗಲೂ ಕೆಲವು ದಿನ ಮಂಕಾಗಿರುತ್ತಾಳೆ. ಆದರೆ ಆ ದಿನ ನನಗೆ ಫೋನ್ ಮಾಡುತ್ತಾಳೆ. ಬೇಸಿಗೆ ರಜೆಗೆ ಬಂದವಳು ಪೇರಲೆ ಮರ ಹತ್ತಿ, "ತಾತ, ಒಂದೂ ಹಣ್ಣಿಲ್ಲ!" ಎಂದು ಕೂಗಿದಳು. ಹಣ್ಣಿನ ಕಾಲವಲ್ಲ ಮಗಳೇ, ಬರುತ್ತೆ ಎಂದೆ.