ಚಂದ್ರನ ಇಟ್ಟಿಗೆ, ಶಕ್ತಿನಗರದ ಬೂದಿ

ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಶಾಖೋತ್ಪನ್ನ ವಿದ್ಯುತ್ ಕೇಂದ್ರವು ಕಲ್ಲಿದ್ದಲನ್ನು ಉರಿಸುತ್ತಿದೆ. ಬೆಳಕು ನಾಡಿಗೆಲ್ಲ, ಹಾರುಬೂದಿಯ ಧೂಳು ಆಸುಪಾಸಿನವರಿಗೆ.

ಇತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಅಲೋಕ್ ಕುಮಾರ್ ಅವರ ತಂಡವು ಇಸ್ರೋ ಸಹಯೋಗದಲ್ಲಿ, ಚಂದ್ರನಲ್ಲಿ ಮನೆ ಕಟ್ಟಲೆಂದು, ಸುಡದೆಯೇ ಇಟ್ಟಿಗೆ ಮಾಡುವ ವಿಧಾನವನ್ನು 2020ರಲ್ಲಿ ಪ್ರಕಟಿಸಿತು. ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಬ್ಯಾಕ್ಟೀರಿಯಾ, ಯೂರಿಯಾ ಹಾಗೂ ನಮ್ಮ ಚವಳಿಕಾಯಿ ಬೀಜದ ಅಂಟನ್ನು ಬೆರೆಸಿದಾಗ, ಸೂಕ್ಷ್ಮಜೀವಿಗಳೇ ಸುಣ್ಣಕಲ್ಲಿನ ಅಂಶವನ್ನು ಸೃಜಿಸಿ ಕಣಗಳನ್ನು ಬೆಸೆಯುತ್ತವೆ.

ಇದೇ ಕೌಶಲವು ನಮ್ಮ ಬೂದಿಗೂ ನೆರವಾಗಬಹುದಲ್ಲವೇ? ಪರಿಸರದ ಪ್ರಶ್ನೆಯನ್ನು ಬಡವರ ನ್ಯಾಯದಿಂದ ಬೇರ್ಪಡಿಸಲಾಗದೆಂದು ಜಗದ್ಗುರು ಫ್ರಾನ್ಸಿಸ್ 2015ರ ವಿಶ್ವಪತ್ರದಲ್ಲಿ ತಿಳಿಸಿದ್ದರು. ಚಂದ್ರನಿಗಿಂತ ಮೊದಲು ಈ ವಿದ್ಯೆಯು ಬೂದಿಯ ನೆರೆಯ ಮನೆಗಳನ್ನು ತಲುಪಲಿ. ವಿಜ್ಞಾನ ಓದುವ ನಮ್ಮ ಮಕ್ಕಳು ಆ ಹೊಣೆಯನ್ನು ಹೊರಲಿ.