ಡ್ರ್ಯಾಗನ್ ಹೊಸದು, ಜಗಳ ಹಳೇದು

ಇಂಟರ್ನಲ್ಸ್ ಹತ್ತಿರ ಬಂದಾಗಲೇ ದಪ್ಪ ಕಾದಂಬರಿ ಕೈಗೆತ್ತಿಕೊಳ್ಳುವ ಚಾಳಿ ನಮ್ಮಲ್ಲಿ ಹಲವರಿಗಿದೆ. ಹಾಗೆ ಸಿಕ್ಕಿದ್ದು ರೆಬೆಕಾ ಯಾರೋಸ್ ಬರೆದ ‘ಫೋರ್ತ್ ವಿಂಗ್’. 2023ರ ಮೇ ತಿಂಗಳಲ್ಲಿ ಬಂದ ಪುಸ್ತಕ. ಅದೇ ನವೆಂಬರಿನಲ್ಲಿ ‘ಐರನ್ ಫ್ಲೇಮ್’, 2025ರ ಜನವರಿಯಲ್ಲಿ ‘ಆನಿಕ್ಸ್ ಸ್ಟಾರ್ಮ್’ ಬಂದವು. ಮೂರನ್ನೂ ಓದಿದ್ವಿ. ಆದರೆ ಮೊದಲಿನ ಖುಷಿ ಮೂರನೆಯದರಲ್ಲಿ ಸಿಗಲಿಲ್ಲ. ಯಾಕೆ ಅಂತ ಯೋಚಿಸಿದಾಗ ಹೊಳೆದದ್ದು ಇಷ್ಟು. (ಓದದೇ ಇರೋರು ಎಚ್ಚರ, ಮುಂದೆ ಕತೆಯ ಗುಟ್ಟುಗಳಿವೆ!)

ಮೊದಲು, ಯಾಕೆ ಹಿಡಿಸಿತು ಅಂತ ನೋಡೋಣ. ವಯಲೆಟ್ ಪುಸ್ತಕಗಳ ನಡುವೆ ಇರಬೇಕೆಂದುಕೊಂಡ ಹುಡುಗಿ. ಸೇನೆಯಲ್ಲಿ ಜನರಲ್ ಆಗಿರುವ ಅಮ್ಮ ಅವಳನ್ನು ಡ್ರ್ಯಾಗನ್ ಸವಾರರ ವಿಭಾಗಕ್ಕೆ ತಳ್ಳುತ್ತಾಳೆ. ಮನೆಯವರು ಹೇಳಿದ ಬ್ರಾಂಚಿಗೆ ಸೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಸೀನಿಯರ್ ಜೇಡನ್ ಇದ್ದಾನೆ. ದಂಗೆ ಎದ್ದ ಅವನ ಅಪ್ಪನನ್ನು ಸೆರೆಹಿಡಿದದ್ದು ಇವಳ ಅಮ್ಮ. ಆದರೆ ಇಬ್ಬರ ಡ್ರ್ಯಾಗನ್‌ಗಳು ಜೋಡಿ, ತುಂಬಾ ದಿನ ದೂರ ಇರಲಾರವು. ಡ್ರ್ಯಾಗನ್ ಸತ್ತರೆ ಸವಾರನೂ ಉಳಿಯಲ್ಲ. ಹೀಗೆ ಹಗೆಗಳ ಜೀವ ಒಂದಕ್ಕೊಂದು ಗಂಟು ಬೀಳುತ್ತೆ.

ತೊಡಕು ಇರೋದೂ ಇಲ್ಲೇ. ಈ ಪ್ರೇಮಕತೆ ಓಡೋದು ಒಂದೇ ಪ್ರಶ್ನೆಯ ಮೇಲೆ: ಇವನನ್ನು ನಂಬಬಹುದಾ? ಮೊದಲ ಪುಸ್ತಕದಲ್ಲಿ ಗಡಿಯಾಚೆಯ ಯುದ್ಧವನ್ನು ಜೇಡನ್ ಮುಚ್ಚಿಡುತ್ತಾನೆ. ಎರಡನೆಯದರಲ್ಲೂ ಅವನು ಏನು ಮುಚ್ಚಿಟ್ಟ, ಅವಳು ಯಾಕೆ ಕೇಳಲಿಲ್ಲ ಅನ್ನೋ ಜಗಳ. ಮೂರನೆಯದರ ಕೊನೆಗೆ ವಯಲೆಟ್‌ಳ ಹನ್ನೆರಡು ಗಂಟೆಗಳ ನೆನಪೇ ಮಾಯ! ಪ್ರತಿಸಲವೂ ಕೊನೆಯ ಪುಟಗಳಲ್ಲಿ ಒಂದು ಬಾಂಬು.

ಒಂದೇ ಪುಸ್ತಕವಾಗಿದ್ದರೆ ನಂಬಿಕೆ ಹುಟ್ಟಿದ ಕಡೆ ಶುಭಂ ಹಾಡಬಹುದಿತ್ತು. ಈ ಸರಣಿಗೆ ಯೋಜಿಸಿರೋದು ಐದು ಪುಸ್ತಕ. ಹಾಗಾಗಿ ಕಟ್ಟಿದ ನಂಬಿಕೆಯನ್ನು ಮತ್ತೆ ಒಡೆಯಬೇಕು, ಮತ್ತೆ ಕಟ್ಟಬೇಕು. ತಪ್ಪೆಲ್ಲ ಲೇಖಕಿಯದೇ ಅಂತಲೂ ಅಲ್ಲ. ‘ಮೊದಲನೆಯದರ ಥರಾನೇ ಇರಲಿ’ ಅಂತ ಆಸೆಪಟ್ಟವರು ನಾವೇ ತಾನೆ?

ಹಾಗಂತ ಎಲ್ಲವೂ ಹಳೇದಲ್ಲ. ಎರಡನೇ ಪುಸ್ತಕದ ಕೊನೆಗೆ ಜೇಡನ್ ತಾನು ಹೋರಾಡುತ್ತಿದ್ದ ವೆನಿನ್‌ಗಳಲ್ಲೇ ಒಬ್ಬನಾಗುತ್ತಾನೆ. ಆಗ ಪ್ರಶ್ನೆ ಬದಲಾಗುತ್ತೆ: ಅವನು ಸುಳ್ಳು ಹೇಳ್ತಾನಾ ಅನ್ನೋದಲ್ಲ, ಅವನಾಗಿಯೇ ಉಳೀತಾನಾ ಅನ್ನೋದು. ಅಲ್ಲಿ ಕತೆ ನಿಜವಾಗಿ ಮುಂದೆ ಹೋಗಿದೆ.

ನಾಲ್ಕನೆಯದನ್ನು ಓದ್ತೀವಾ? ಓದ್ತೀವಿ. ಮನೆ ನೆನಪಾಗಿ ನಿದ್ದೆ ಬಾರದ ಹಾಸ್ಟೆಲ್ ರಾತ್ರಿಗಳಲ್ಲಿ ಟೇರ್ನ್ ಅನ್ನೋ ಆ ಸಿಡುಕು ಡ್ರ್ಯಾಗನ್ ನಮ್ಮನ್ನು ನಗಿಸಿದೆ. ಆ ಋಣ ಇದೆ. ಆದರೆ ಇನ್ನೊಂದು ಸಲ ಅದೇ ಜಗಳ ಬಂದರೆ, ಪುಸ್ತಕ ಮುಚ್ಚಿಟ್ಟು ಇಂಟರ್ನಲ್ಸಿಗೆ ಓದ್ಕೋತೀವಿ.